ಮುಯ್ಯಿಗೆ ಹೊಲಿದ ಕೌದಿ



ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ ಅಂದಕೂಡಲೇ ನೆನಪಾಗುವುದು ಕೃಷ್ಣಾ ನದಿಗೆ ರೈತರೇ ಕಟ್ಟಿಕೊಂಡ ಬ್ಯಾರೇಜು. ನಾನು ಇವತ್ತು ಹೇಳಹೊರಟಿದ್ದು ಅದೇ ದಂಡೆಯ ಮನೆಗಳೊಳಗೆ ಮಡಚಿಟ್ಟ ಕೌದಿಯ ಚರಿತ್ರೆ. ಬ್ಯಾರೇಜಿನ ಮಾತೂ ನಡುವೆ ಬರುತ್ತದೆ, ಅದನ್ನು ಬಿಟ್ಟರೆ ಈ ಕತೆ ಪೂರ್ತಿಯಾಗುವುದಿಲ್ಲ.

ಕೌದಿಯ ಚರಿತ್ರೆ ಹುಡುಕುವುದು ಕಷ್ಟ. ಹರಿಯುವ ತನಕ ಹೊದ್ದು, ಹರಿದದ್ದನ್ನು ಇನ್ನೊಂದು ಕೌದಿಯ ಹೊಟ್ಟೆಗೆ ಸೇರಿಸಿದ ಮೇಲೆ ವಸ್ತುಸಂಗ್ರಹಾಲಯಕ್ಕೆ ಉಳಿಯುವುದಾದರೂ ಏನು? ಸುತ್ತಿ ಬಳಸಿ ನೋಡಬೇಕು. ಬೌದ್ಧ ಭಿಕ್ಷುಗಳು ಎಸೆದ ಬಟ್ಟೆಯ ಚೂರುಗಳನ್ನು ಹೊಲಿದು ಚೀವರ ಮಾಡಿಕೊಳ್ಳುತ್ತಿದ್ದರು. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ, ಅದೇ ಮಾದರಿಯಲ್ಲಿ ತುಂಡು ಜೋಡಿಸಲು ಬುದ್ಧ ಆನಂದನಿಗೆ ಹೇಳಿದನೆಂದು ವಿನಯಪಿಟಕದಲ್ಲಿದೆ. ನಮ್ಮ 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದ, ನೂಲುವ ಕದಿರ ರೆಮ್ಮವ್ವೆ ಇದ್ದಳು. ಅವರ ಕಾಯಕ ಹೆಸರಿಗೇ ಅಂಟಿಕೊಂಡು ಉಳಿಯಿತು. ಮನೆಯಲ್ಲಿ ಕೂತು ಕೌದಿ ಹೊಲಿದವಳ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಹೊಲಿಯುವ ಕ್ರಮ ಹೇಳಿಬಿಡುತ್ತೇನೆ. ಅಗಲವಾದ ಹಳೆಯ ಸೀರೆಯೊಂದನ್ನು ನೆಲಕ್ಕೆ ಹಾಸಿ, ಸರಿಯದಂತೆ ಮೂಲೆಗಳಿಗೆ ಕಲ್ಲಿಡುತ್ತಾರೆ. ಅದರ ಮೇಲೆ ಧೋತರ, ಅಂಗಿ, ಕುಬಸ, ಚಿಂದಿ, ಏನು ಸಿಕ್ಕರೆ ಅದು, ಪದರ ಪದರವಾಗಿ. ಮೇಲೆ ಮತ್ತೊಂದು ಸೀರೆ ಅಥವಾ ಬಣ್ಣಬಣ್ಣದ ತೇಪೆ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಹಾಕುತ್ತ ನಡುವಿಗೆ ಬರುತ್ತದೆ. ಬಳಸಿ ಬಳಸಿ ಮೆತ್ತಗಾದ ಇಳಕಲ್ಲ ಸೀರೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ರಬಕವಿ-ಬನಹಟ್ಟಿಯ ಮಗ್ಗಗಳು ಹತ್ತಿರವೇ ಇದ್ದುದರಿಂದ ಈ ಸೀಮೆಯಲ್ಲಿ ನೂಲಿಗೂ ಹತ್ತಿ ಸೀರೆಗೂ ಬರ ಇರಲಿಲ್ಲ.

ಇಷ್ಟು ಟಾಕಿ, ಅಂದರೆ ಹೊಲಿಗೆ, ಹಾಕುವುದು ಒಬ್ಬಳಿಂದ ಆಗುವ ಕೆಲಸವಲ್ಲ. ಹಿಂಗಾರಿ ಜೋಳದ ರಾಶಿ ಮುಗಿದು ಮುಂಗಾರು ಬೀಳುವವರೆಗಿನ ಬಿಡುವಿನಲ್ಲಿ ನೆರೆಮನೆಯ ಹೆಂಗಸರು ಕೂಡುತ್ತಿದ್ದರು. ಇವತ್ತು ನಿನ್ನ ಕೌದಿ, ನಾಳೆ ನನ್ನದು. ಹೊಲದಲ್ಲಿ ಮುಯ್ಯಾಳು ಇದ್ದಂತೆ ಪಡಸಾಲೆಯಲ್ಲೂ ಮುಯ್ಯಿ. ಕೈಯಾಳು ಇಲ್ಲದ ಮನೆಯವರು ಊರೂರು ತಿರುಗುವ ಗೊಂದಳಿ ಸಮುದಾಯದ ಹೆಂಗಸರಿಂದ ಹೊಲಿಸಿ ಕಾಳುಕಡ್ಡಿಯನ್ನೋ ದುಡ್ಡನ್ನೋ ಕೊಡುತ್ತಿದ್ದರು. ತವರಿನಲ್ಲಿ ಬಾಣಂತನ ಮುಗಿಸಿದ ಮಗಳು ಹೊರಟಾಗ ಕೂಸಿನ ಜೊತೆ ಒಂದು ಪುಟ್ಟ ಕೌದಿ. ಮುದುಕರ ಕಾಲಿಗೆ ಇನ್ನೊಂದು. ಅದಕ್ಕೆ ಬೆಲೆ ಕಟ್ಟುವವರು ಯಾರು?

ಹೊಲಿಗೆ ಯಂತ್ರ ಬಂದಾಗ ಕೈಹೊಲಿಗೆ ಸತ್ತೇಹೋಯಿತು ಎಂಬ ಮಾತು ನಮ್ಮಲ್ಲಿ ಅಷ್ಟು ನಿಜವಲ್ಲ. ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಕಲ್ಕತ್ತೆಯ ಉಷಾ ಬಂದದ್ದು 1930ರ ದಶಕದಲ್ಲಿ. ಯಂತ್ರ ಕುಬಸ, ಲಂಗ, ಅಂಗಿಗಳನ್ನು ಗೆದ್ದುಕೊಂಡಿತು. ಏಳೆಂಟು ಪದರದ ಕೌದಿ ಅದರ ಸೂಜಿಗೆ ಬಗ್ಗಲಿಲ್ಲ. ಉಲ್ಟಾ, ಟೇಲರನ ಅಂಗಡಿಯ ಹೊಸ ಚಿಂದಿ ಗಂಟುಗಂಟಾಗಿ ಮನೆಗೆ ಬಂದು ಕೌದಿಯ ಬಣ್ಣ ಹೆಚ್ಚಿತು.

ಏಟು ಬಿದ್ದದ್ದು ಬೇರೆ ಕಡೆಯಿಂದ, ನೀರಿನಿಂದ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ದುಡ್ಡು, ದುಡಿಮೆ ಎರಡನ್ನೂ ಕೂಡಿಸಿ 1989ರಲ್ಲಿ ಬ್ಯಾರೇಜು ಮುಗಿಸಿದರು. ಶ್ರಮಬಿಂದು ಸಾಗರ ಅಂತ ಅದರ ಹೆಸರು. ಬೇಸಿಗೆಯಲ್ಲಿ ಬತ್ತುವ ಹೊಳೆಯಲ್ಲಿ ನೀರು ನಿಂತಿತು, ಜೋಳದ ಜಾಗಕ್ಕೆ ಕಬ್ಬು ಬಂತು. ಕಬ್ಬಿಗೆ ಬಿಡುವೆಂಬುದಿಲ್ಲ, ಕಳೆ ತೆಗೆಯುವುದೂ ಹೆಂಗಸರೇ. ಕೈಯಲ್ಲಿ ನಾಲ್ಕು ದುಡ್ಡಾದಾಗ ಸೊಲ್ಲಾಪುರದ ಚಾದರ ಸಂತೆಯಲ್ಲೇ ಸಿಕ್ಕಿತು. ಕೌದಿ ಹೊಲಿಯುವ ಬೇಸಿಗೆ ಹಾಗೆ ಕರಗಿತು. ಇದಕ್ಕೆ ಬೇಸರಪಡಬೇಕೆಂದು ನನಗನಿಸುವುದಿಲ್ಲ; ಬರದ ಬಿಡುವಿಗಿಂತ ನೀರಿನ ದುಡಿಮೆ ಮೇಲು.

ಇನ್ನು ಧರ್ಮಾರ್ಥ ಕೌದಿಯ ಮಾತು. ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ಹೆಂಗಸರು ರೆಡ್‌ಕ್ರಾಸ್ ಮೂಲಕ ಬಾಂಬಿಗೆ ಮನೆ ಕಳಕೊಂಡ ಬ್ರಿಟನ್ನಿನವರಿಗೆ ಸಾವಿರಾರು ತೇಪೆ ಹೊದಿಕೆಗಳನ್ನು ಕಳಿಸಿದರು. ಉಳ್ಳವರು ಇಲ್ಲದವರಿಗೆ ಕೊಟ್ಟ ಕತೆ ಅದು. ನಮ್ಮ ಕಡೆಯ ಕತೆ ತಿರುವುಮುರುವು. ಉತ್ತರ ಕರ್ನಾಟಕದ ದೇವದಾಸಿ ಹೆಂಗಸರು ಆ ಬದುಕಿನಿಂದ ಹೊರಬರಲು ಸುಧಾ ಮೂರ್ತಿಯವರು ವರ್ಷಗಟ್ಟಲೆ ಅವರ ನಡುವೆ ಕೆಲಸ ಮಾಡಿದರು. ಕೊನೆಗೆ ಅದೇ ಹೆಂಗಸರು ಅವರಿಗೊಂದು ಹೊದಿಕೆ ಕೊಟ್ಟರು. ಮೂರು ಸಾವಿರ ಜನ, ತಲೆಗೊಂದು ಟಾಕಿ. 2017ರಲ್ಲಿ ಬಂದ ಅವರ ‘ಥ್ರೀ ಥೌಸಂಡ್ ಸ್ಟಿಚಸ್’ ಪುಸ್ತಕಕ್ಕೆ ಹೆಸರು ಬಂದದ್ದು ಅಲ್ಲಿಂದ. ಸಹಾಯ ಪಡೆದವರು ಋಣ ಇಟ್ಟುಕೊಳ್ಳಲಿಲ್ಲ, ಮುಯ್ಯಿ ತೀರಿಸಿದರು.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯನ್ನೂ ಇಲ್ಲಿ ನೆನೆಯಬೇಕು. ಅವರ ಪೂರ್ವಜರಲ್ಲಿ ಬಹಳ ಮಂದಿ ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದ ಆಫ್ರಿಕದವರು. ನಾಲ್ಕು ಮೂಲೆಗೆ ಮಡಚಿದ ತ್ರಿಕೋನದ ಹೂ ಹಾಕದಿದ್ದರೆ ಕೌದಿ ಬತ್ತಲೆ ಎನ್ನುವವರು ಅವರು. ಅಮೆರಿಕದ ಕಲಾ ವಿದ್ವಾಂಸ ಹೆನ್ರಿ ಡ್ರೂವಲ್ ಒತ್ತಾಸೆಯಿಂದ 2004ರಲ್ಲಿ ಅವರದೊಂದು ಸಹಕಾರ ಕೂಟವಾಯಿತು, ಕೌದಿಗಳು ನ್ಯೂಯಾರ್ಕಿನ ಗೋಡೆ ಏರಿದವು. ಹೊದ್ದು ಮಲಗುವ ಕೌದಿಯನ್ನು ಗೋಡೆಗೆ ತೂಗುಹಾಕುವುದು ನಮ್ಮ ಅಜ್ಜಿಯರಿಗೆ ನಗೆ ತರಿಸುತ್ತಿತ್ತೇನೋ. ಆದರೆ ಹೊಲಿದವಳ ಕೈಗೆ ದುಡ್ಡು ಬಂತಲ್ಲ, ಅದು ದೊಡ್ಡದು.

ನಮ್ಮಲ್ಲೂ ಈಗ ಮತ್ತೆ ಕೌದಿ ಹೊಲಿಸುವವರು ಕಾಣಸಿಗುತ್ತಾರೆ. ಅಂಥವರಿಗೆ ಎರಡು ಮಾತು. ಪಾಲಿಸ್ಟರ್ ಸೀರೆ ಕೊಡಬೇಡಿ. ಹೊಲಿಯುವಾಗ ಜಾರುತ್ತದೆ, ಹೊದ್ದರೆ ಬೆವರು ಹೀರುವುದಿಲ್ಲ. ದಸರೆಗೆ ಮುಂಚೆ ಹೊಳೆಗೊಯ್ದು ಬಡಿದು ಒಗೆದರೂ ತಾಳಬೇಕೆಂದರೆ ಹತ್ತಿಯದ್ದೇ ಕೊಡಿ. ಮತ್ತೆ, ಕೂಲಿ ಮಾತಾಡುವಾಗ ಕೌದಿಯ ಉದ್ದಗಲ ಅಷ್ಟೇ ಅಳೆಯಬೇಡಿ, ಟಾಕಿ ಎಷ್ಟು ಒತ್ತಾಗಿದೆ ಎಂದು ಹಿಂಬದಿ ತಿರುವಿ ನೋಡಿ ಕೊಡಿ.