ಎಳೆಯ ಮಾವಿನ ಗಿಡಗಳಿಗೆ ಗೊಬ್ಬರ ಹಾಕುವ ಕ್ರಮ



ಕಸಿ ಮಾವನ್ನು ನೆಟ್ಟವನು ಫಲಕ್ಕಾಗಿ ನಾಲ್ಕೈದು ವರ್ಷ ಕಾಯಬೇಕು. ನೆಟ್ಟ ಗಿಡವು ಸತ್ತರೆ ಕಳೆದ ಕಾಲವೆಲ್ಲವೂ ವ್ಯರ್ಥವಾಗುವುದು. ಗೊಬ್ಬರವಿಲ್ಲದೆ ಗಿಡವು ಸೊರಗುವುದುಂಟು. ಬುಡಕ್ಕೆ ರಾಶಿ ಸುರಿದರೆ ಬೇರು ಸುಟ್ಟು ಸಾಯುವುದೂ ಉಂಟು. ಎಳೆಗೂಸಿಗೆ ಮೂರು ಹೊತ್ತಿನ ಆಹಾರವನ್ನು ಒಂದೇ ಹೊತ್ತಿಗೆ ಉಣಿಸುವವರುಂಟೇ?

ಉದ್ದ, ಅಗಲ, ಆಳಗಳಲ್ಲಿ 3 ಅಡಿಯ ಗುಣಿ ತೋಡಿ, ಮೇಲ್ಮಣ್ಣಿನೊಡನೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ತುಂಬತಕ್ಕದ್ದು. ಹಸಿ ಗೊಬ್ಬರವನ್ನು ಹಾಕಕೂಡದು. ಅದರಿಂದ ಬೇರಿಗೆ ಕಾವು ತಗಲುವುದಲ್ಲದೆ ಗೆದ್ದಲೂ ಗೊಣ್ಣೆಹುಳುವೂ ಸೇರುವುವು. ಗುಣಿಯೊಳಕ್ಕೆ ಯೂರಿಯಾ ಸೇರಿಸಬಾರದು.

ಗಿಡವು ಹೊಸ ಚಿಗುರು ಬಿಟ್ಟ ಬಳಿಕ, ಮೊದಲ ವರ್ಷಕ್ಕೆ ಗಿಡವೊಂದಕ್ಕೆ ಯೂರಿಯಾ 160 ಗ್ರಾಂ, ಸೂಪರ್ ಫಾಸ್ಫೇಟು ಮತ್ತು ಮ್ಯೂರಿಯೇಟ್ ಆಫ್ ಪೊಟ್ಯಾಷು ತಲಾ ಸುಮಾರು 110 ಗ್ರಾಂ ಸಾಕು. ಇದರಲ್ಲಿ ಅರ್ಧವನ್ನು ಜೂನ್–ಜುಲೈ ಮಳೆಯಲ್ಲಿಯೂ, ಉಳಿದರ್ಧವನ್ನು ಅಕ್ಟೋಬರಿನಲ್ಲಿಯೂ ಕೊಡತಕ್ಕದ್ದು. ಕಾಂಡಕ್ಕೆ ತಗಲದಂತೆ, ಎಲೆಗಳ ತುದಿಯ ನೇರಕ್ಕೆ ಸುತ್ತಲೂ ಹದವಿರುವ ನೆಲದಲ್ಲಿ ಹಾಕಿ ಮಣ್ಣು ಮುಚ್ಚಬೇಕು. ಪ್ರತಿ ವರ್ಷವೂ ಅಷ್ಟಷ್ಟೇ ಹೆಚ್ಚಿಸುತ್ತ ಹತ್ತನೆಯ ವರ್ಷಕ್ಕೆ ನಿಲ್ಲಿಸಿ, ಆಮೇಲೆ ಅದೇ ಪ್ರಮಾಣವನ್ನು ನಡೆಸಬೇಕು.

ಗ್ರಾಮದ ಮುಖಂಡರು ಮೊದಲು ತಮ್ಮ ತೋಟದಲ್ಲಿ ಹೀಗೆ ಮಾಡಿ ತೋರಿಸಿದರೆ, ಉಳಿದ ರೈತರು ಕಣ್ಣಾರೆ ಕಂಡು ಅನುಸರಿಸುವರು.