ತೇಜೊ ನದಿಯಾಚೆಯ ನಾಡು: ಕಲ್ಲು, ಮರ, ಎಲುಬು

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಬಲ್ಲವರು ಈಗಾಗಲೇ ತಮ್ಮ ಮುಂದೆ ಬಿಚ್ಚಿಟ್ಟಿದ್ದಾರೆ. ಅದನ್ನೇ ಮತ್ತೆ ಹೇಳುವುದು ನಮ್ಮ ಉದ್ದೇಶವಲ್ಲ. 2019ರ ಜೂನ್ ತಿಂಗಳಲ್ಲಿ ಫಾತಿಮಾ ಮಾತೆಯ ಪುಣ್ಯಕ್ಷೇತ್ರದ ಯಾತ್ರೆ ಮುಗಿಸಿ ಪೋರ್ಚುಗಲ್ ದೇಶದ ದಕ್ಷಿಣದ ಹಳ್ಳಿಗಾಡಿನಲ್ಲಿ ಕೆಲವು ದಿನ ಸಂಚರಿಸುವ ಭಾಗ್ಯ ನಮಗೆ ಒದಗಿತ್ತು. ಅಲ್ಲಿ ಕಂಡುದನ್ನು ಹೇಳಬೇಕೆಂದು ಶತಮಾನೋತ್ಸವ ಸಮಿತಿಯವರು ಅಪೇಕ್ಷೆಪಟ್ಟರು.

ನಾವು ಸಂತೋಷದಿಂದ ಒಪ್ಪಿದುದಕ್ಕೆ ಒಂದು ಕಾರಣವುಂಟು. ಕಳೆದ ತಿಂಗಳು ದೇವಾಲಯಕ್ಕೆ ಸುಣ್ಣ ಬಳಿಯುತ್ತಿದ್ದಾಗ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಬಳಿ ಬಂದು, “ಸ್ವಾಮಿ, ನಮ್ಮ ಮಕ್ಕಳೆಲ್ಲ ಪಟ್ಟಣ ಸೇರಿದರು, ಕಡಲಾಚೆ ಹೋದರು. ನಾವು ಕಣ್ಣು ಮುಚ್ಚಿದ ಮೇಲೆ ಈ ಗುಡಿಯನ್ನು ನೋಡಿಕೊಳ್ಳುವವರು ಯಾರು?” ಎಂದು ಕೇಳಿದರು. ಆ ಕ್ಷಣದಲ್ಲಿ ನಮಗೆ ಉತ್ತರ ಹೊಳೆಯಲಿಲ್ಲ. ಆದರೆ ಅದೇ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದ ನಾಡೊಂದನ್ನು ನಾವು ಕಣ್ಣಾರೆ ಕಂಡಿದ್ದೆವು.

ಆ ನಾಡಿನ ಹೆಸರು ಅಲೆಂತೇಜೊ. ‘ತೇಜೊ ನದಿಯ ಆಚೆ’ ಎಂದು ಆ ಹೆಸರಿನ ಅರ್ಥ. ಪೋರ್ಚುಗಲ್ಲಿನ ಭೂಭಾಗದಲ್ಲಿ ಸುಮಾರು ಮೂರನೆಯ ಒಂದು ಪಾಲು ಅದೇ. ಆದರೆ 2021ರ ಜನಗಣತಿಯಂತೆ ಅಲ್ಲಿ ವಾಸಿಸುವವರು ಕೇವಲ 7 ಲಕ್ಷದಷ್ಟು ಜನ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಯುವಕರು ಲಿಸ್ಬನ್ ನಗರಕ್ಕೂ ಫ್ರಾನ್ಸ್ ಮೊದಲಾದ ದೇಶಗಳಿಗೂ ಕೂಲಿ ಅರಸಿ ಹೊರಟರು. ಹಳ್ಳಿಗಳಲ್ಲಿ ವೃದ್ಧರು ಉಳಿದರು. ಅಲೆಯಲೆಯಾಗಿ ಹಬ್ಬಿದ ಬಯಲು, ಬೇಸಿಗೆಯಲ್ಲಿ ಕಾದ ಹೆಂಚಿನಂತೆ ಸುಡುವ ನೆಲ, ದೂರದೂರಕ್ಕೆ ದಿಬ್ಬದ ಮೇಲೆ ಸುಣ್ಣ ಬಳಿದ ಊರು, ಆ ಮನೆಗಳ ಅಡಿಗೆ ನೀಲಿಯ ಅಥವಾ ಕಾವಿಯ ಪಟ್ಟಿ, ಊರಿನ ನೆತ್ತಿಗೆ ಒಂದು ಗೋಪುರ, ಗೋಪುರದ ಮೇಲೆ ಕೊಕ್ಕರೆಯ ಗೂಡು: ಇದು ಆ ನಾಡಿನ ಪ್ರಥಮ ದರ್ಶನ.

ಅಲ್ಲಿನ ಮುಖ್ಯ ಪಟ್ಟಣ ಎವೊರಾ. ಅದರ ಪಶ್ಚಿಮಕ್ಕೆ ಕೆಲವು ಮೈಲಿ ದೂರದಲ್ಲಿ ಅಲ್ಮೆಂದ್ರೆಸ್ ಎಂಬ ಸ್ಥಳವಿದೆ. ಇಳಿಜಾರಿನ ಒಂದು ತೋಪಿನಲ್ಲಿ ತೊಂಬತ್ತಕ್ಕೂ ಹೆಚ್ಚು ದುಂಡು ಬಂಡೆಗಳನ್ನು ಸುತ್ತುಸುತ್ತಾಗಿ ನಿಲ್ಲಿಸಿದ್ದಾರೆ. ಈ ಕೆಲಸ ಆರಂಭವಾದದ್ದು ಸುಮಾರು 7000 ವರ್ಷಗಳ ಹಿಂದೆ. 1960ರ ದಶಕದಲ್ಲಿ ವಿದ್ವಾಂಸರ ಕಣ್ಣಿಗೆ ಬೀಳುವವರೆಗೆ ಅವು ಪೊದೆಗಳ ನಡುವೆ ಮರೆಯಾಗಿದ್ದವು. ಅಬ್ರಹಾಮನು ಊರ್ ನಗರವನ್ನು ಬಿಟ್ಟು ಹೊರಡುವುದಕ್ಕೆ ಎಷ್ಟೋ ಶತಮಾನ ಮೊದಲೇ ಮನುಷ್ಯನು ಆಕಾಶದ ಕೆಳಗೆ ಕಲ್ಲು ನಿಲ್ಲಿಸಿ ತನಗಿಂತ ದೊಡ್ಡದೊಂದನ್ನು ಅರಸುತ್ತಿದ್ದನು ಎಂದು ನಾವು ಅಲ್ಲಿ ನಿಂತು ಚಿಂತಿಸಿದೆವು.

ಎವೊರಾದ ಉತ್ತರಕ್ಕಿರುವ ಪಾವಿಯಾ ಎಂಬ ಹಳ್ಳಿಯಲ್ಲಿ ಕಂಡ ದೃಶ್ಯ ಇನ್ನೂ ವಿಚಿತ್ರ. ಪ್ರಾಚೀನರು ಮೃತರನ್ನಿಡಲು ದೊಡ್ಡ ಬಂಡೆಗಳನ್ನು ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿ ಕಟ್ಟುತ್ತಿದ್ದ ಕಲ್ಮನೆಯೊಂದು ಅಲ್ಲಿ ಊರಿನ ನಡುವೆಯೇ ಇದೆ. ಹದಿನೇಳನೆಯ ಶತಮಾನದಲ್ಲಿ ಊರವರು ಅದನ್ನು ಕೆಡವಲಿಲ್ಲ. ಅದರೊಳಗೆ ಬಲಿಪೀಠವನ್ನಿಟ್ಟು, ಬಾಗಿಲು ಜೋಡಿಸಿ, ಅದನ್ನು ಸಂತ ದಿನಿಸರ ಚಿಕ್ಕ ಗುಡಿಯನ್ನಾಗಿ ಮಾಡಿದರು. ಹೆಸರು ಗೊತ್ತಿಲ್ಲದ ಪೂರ್ವಜರು ತಮ್ಮ ಸತ್ತವರಿಗಾಗಿ ಎತ್ತಿ ನಿಲ್ಲಿಸಿದ ಬಂಡೆಗಳ ನಡುವೆ, ಸತ್ತು ಎದ್ದ ಪ್ರಭುವಿನ ಪೀಠ! ನಾಲ್ಕು ಜನ ನಿಂತರೆ ತುಂಬಿಹೋಗುವ ಆ ಗುಡಿಯಲ್ಲಿ ನಾವು ಮೌನವಾಗಿ ಪ್ರಾರ್ಥಿಸಿ ಹೊರಬಂದೆವು.

ಎವೊರಾ ಪಟ್ಟಣದ ನೆತ್ತಿಯಲ್ಲಿ ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ದೇವಸ್ಥಾನವಿದೆ. ಕಣಶಿಲೆಯ ಕಂಬಗಳು, ಅವಕ್ಕೆ ಅಮೃತಶಿಲೆಯ ಬೋದಿಗೆಗಳು. ಹದಿನಾಲ್ಕು ಕಂಬಗಳು ಇಂದಿಗೂ ನೆಟ್ಟಗೆ ನಿಂತಿವೆ. ಜನ ಅದನ್ನು ದಿಯಾನಾ ದೇವಿಯ ಗುಡಿ ಎನ್ನುವರು. ಆದರೆ ಅದು ರೋಮನ್ ಚಕ್ರವರ್ತಿಯ ಆರಾಧನೆಗಾಗಿ ಕಟ್ಟಿದ್ದೆಂಬುದು ವಿದ್ವಾಂಸರ ಅಭಿಪ್ರಾಯ. ಇಷ್ಟು ಕಾಲ ಅದು ಉಳಿದ ಬಗೆ ಹೇಗೆ? ಮಧ್ಯಯುಗದಲ್ಲಿ ಕಂಬಗಳ ನಡುವೆ ಗೋಡೆ ಎಬ್ಬಿಸಿ ಅದನ್ನು ಮಾಂಸ ಮಾರುವ ಕಟ್ಟೆಯನ್ನಾಗಿ ಮಾಡಿದರು. 1836ರವರೆಗೂ ಅದು ಹಾಗೆಯೇ ಬಳಕೆಯಲ್ಲಿತ್ತು. ಆಮೇಲೆ ಆ ಗೋಡೆಗಳನ್ನು ತೆಗೆದಾಗ ಒಳಗಿದ್ದ ಕಂಬಗಳು ಬೆಳಕಿಗೆ ಬಂದವು. ಚಕ್ರವರ್ತಿಯ ವೈಭವ ಉಳಿಸಲಾಗದ ಗುಡಿಯನ್ನು ಕಟುಕರ ಅಂಗಡಿ ಉಳಿಸಿಕೊಟ್ಟಿತು. ಬಳಸುವ ಕೈ ಇದ್ದಲ್ಲಿ ಕಟ್ಟಡ ಬದುಕುತ್ತದೆ ಎಂಬ ಪಾಠವನ್ನು ನಾವು ಅಲ್ಲಿ ಕಲಿತೆವು.

ಅದರ ಪಕ್ಕದಲ್ಲಿಯೇ ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಆರಂಭಗೊಂಡ ಪ್ರಧಾನಾಲಯವಿದೆ. ಹೊರಗಿನಿಂದ ಕೋಟೆಯಂತೆ ಗಂಭೀರ. ಒಳಗೆ ಕಾಲಿಟ್ಟರೆ ತುಂಬು ಗರ್ಭಿಣಿಯಾದ ಮಾತೆ ಮರಿಯಮ್ಮನವರ ಬಣ್ಣದ ಪ್ರತಿಮೆ. ಎದುರಿಗೆ ಗಬ್ರಿಯೇಲ ದೂತನ ಪ್ರತಿಮೆ. ಒಂದು ಕೈಯನ್ನು ಉದರದ ಮೇಲಿಟ್ಟು ನಿಂತ ಆ ತಾಯಿಯ ಮುಂದೆ ಹೊಟ್ಟೆಯಲ್ಲಿ ಕೂಸನ್ನು ಹೊತ್ತ ಯಾವ ಹೆಂಗಸಿಗೂ ಸಂಕೋಚವೆನಿಸದು. ಹಳೆಯ ಎವೊರಾ ಪಟ್ಟಣವನ್ನು 1986ರಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದೇ ಪಟ್ಟಣದ ಸಂತ ಫ್ರಾನ್ಸಿಸರ ದೇವಾಲಯಕ್ಕೆ ಹೊಂದಿಕೊಂಡು ಎಲುಬಿನ ಗುಡಿಯಿದೆ. ಸ್ಥಳವಿಲ್ಲದೆ ತುಂಬಿಹೋಗಿದ್ದ ಸಮಾಧಿಭೂಮಿಗಳಿಂದ ಸುಮಾರು 5000 ಮಂದಿಯ ಎಲುಬುಗಳನ್ನು ತಂದು ಫ್ರಾನ್ಸಿಸ್ಕನ್ ಸನ್ಯಾಸಿಗಳು ಗೋಡೆ ಕಂಬಗಳಿಗೆಲ್ಲ ಜೋಡಿಸಿದ್ದಾರೆ. ಇಲ್ಲಿರುವ ಎಲುಬುಗಳು ನಿಮ್ಮ ಎಲುಬುಗಳಿಗಾಗಿ ಕಾದಿವೆ ಎಂಬ ಭಾವದ ಬರಹ ಬಾಗಿಲ ಮೇಲಿದೆ. ನಮ್ಮೊಡನಿದ್ದ ಯಾತ್ರಿಕರಲ್ಲಿ ಕೆಲವರು ಹೆದರಿ ಹೊರಗೇ ನಿಂತರು. ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ನಮಗೆ ಅದು ಹೊಸ ಮಾತಲ್ಲ. ಒಡೆಯನ ಎಲುಬು ಯಾವುದು, ಆಳಿನ ಎಲುಬು ಯಾವುದು ಎಂದು ಅಲ್ಲಿ ಗುರುತಿಸುವವರಿಲ್ಲ.

ದಕ್ಷಿಣಕ್ಕೆ ಗುವಾದಿಯಾನಾ ನದಿಯ ದಂಡೆಯ ಮೇಲೆ ಮೆರ್ತೊಲಾ ಎಂಬ ಊರು. ಅಲ್ಲಿನ ಬಿಳಿಯ ದೇವಾಲಯ ಹನ್ನೆರಡನೆಯ ಶತಮಾನದಲ್ಲಿ ಮಸೀದಿಯಾಗಿತ್ತು. 1238ರಲ್ಲಿ ಕ್ರೈಸ್ತ ಯೋಧರು ಊರನ್ನು ಗೆದ್ದ ಮೇಲೆ ಅದು ದೇವಾಲಯವಾಯಿತು. ಕುದುರೆಲಾಳದ ಆಕಾರದ ಬಾಗಿಲುಗಳು ಇಂದಿಗೂ ಇವೆ. ಬಲಿಪೀಠದ ಹಿಂದಿನ ಗೋಡೆಯಲ್ಲಿ ಮುಸಲ್ಮಾನ ಬಂಧುಗಳು ಪ್ರಾರ್ಥನೆಗೆ ಮುಖಮಾಡುತ್ತಿದ್ದ ಗೂಡು ಕಾಣಿಸುತ್ತದೆ. ಕತ್ತಿಯಿಂದ ಬಂದದ್ದನ್ನು ಕೃಪೆಯಿಂದ ಬಂದಿತೆಂದು ಹೇಳುವುದು ನಮಗೆ ಸಲ್ಲದು. ಆದರೂ ಹಿಂದಿನವರ ಗುರುತನ್ನು ಪೂರ್ತಿಯಾಗಿ ಅಳಿಸದೆ ಉಳಿಸಿದ್ದು ಒಳ್ಳೆಯದಾಯಿತು.

ಇನ್ನೊಂದು ಊರಿನ ಹೆಸರನ್ನು ಹೇಳದೆ ಮುಂದೆ ಹೋದರೆ ನಾವು ಸತ್ಯಕ್ಕೆ ಅಪಚಾರ ಮಾಡಿದಂತಾದೀತು. ಉತ್ತರದಲ್ಲಿ ಸಾವೊ ಮಮೆದೆ ಬೆಟ್ಟದ ಸಾಲಿನಲ್ಲಿ ಕಾಸ್ತೆಲೊ ದ ವಿದೆ ಎಂಬ ಊರಿದೆ. ಅದರ ಯೆಹೂದ್ಯರ ಕೇರಿಯ ಓಣಿಗಳಲ್ಲಿ ಕುಂಡಗಳ ತುಂಬ ಹೂ. ಔಷಧಶಾಸ್ತ್ರಜ್ಞ ಗಾರ್ಸಿಯಾ ದ ಒರ್ತಾ ಹುಟ್ಟಿದ್ದು ಈ ಊರಿನಲ್ಲಿ, ಕ್ರೈಸ್ತಧರ್ಮಕ್ಕೆ ಸೇರಿದ ಯೆಹೂದ್ಯ ಮನೆತನದಲ್ಲಿ. 1534ರಲ್ಲಿ ಭಾರತಕ್ಕೆ ಬಂದು ನಮ್ಮ ನೆರೆಯ ಗೋವಾದಲ್ಲಿ ನೆಲೆಸಿ, ಕಾಳುಮೆಣಸು, ಅಡಕೆ, ಮಾವು ಮೊದಲಾದವುಗಳ ಗುಣಗಳನ್ನು ವಿಚಾರಿಸಿ, 1563ರಲ್ಲಿ ಅಲ್ಲಿಯೇ ಒಂದು ಮಹತ್ವದ ಗ್ರಂಥವನ್ನು ಅಚ್ಚು ಹಾಕಿಸಿದರು. ಅವರು ಮರಣ ಹೊಂದಿದ್ದು 1568ರಲ್ಲಿ. ಗುಟ್ಟಾಗಿ ಯೆಹೂದ್ಯ ಧರ್ಮವನ್ನು ಪಾಲಿಸಿದರೆಂಬ ಆರೋಪದ ಮೇಲೆ 1580ರಲ್ಲಿ ಗೋವಾದ ಧರ್ಮವಿಚಾರಣಾ ಮಂಡಳಿಯವರು ಅವರ ಎಲುಬುಗಳನ್ನು ಸಮಾಧಿಯಿಂದ ಅಗೆದು ತೆಗೆಸಿ ಸುಡಿಸಿದರು. ನಮ್ಮ ಸಭೆಯ ಹೆಸರಿನಲ್ಲಿ ನಡೆದ ಕೃತ್ಯವಿದು. ಇಂತಹ ಪಾಪಗಳಿಗಾಗಿ ಪೂಜ್ಯ ಎರಡನೆಯ ಜಾನ್ ಪಾಲ್ ಜಗದ್ಗುರುಗಳು 2000ದ ಮಾರ್ಚ್ 12ರಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ಆ ಓಣಿಯಲ್ಲಿ ನಾವೂ ತಲೆಬಾಗಿದೆವು.

ಇನ್ನು ಪ್ರಕೃತಿಯ ಮಾತು. ಅಲೆಂತೇಜೊ ಬಯಲಿನ ಒಡವೆಯೆಂದರೆ ಬಿರಡೆ ಮರ. ಸೀಸೆಯ ಬಾಯಿಗೆ ನಾವು ಹಾಕುವ ಬಿರಡೆ ಅದರ ತೊಗಟೆಯಿಂದಲೇ ಆಗುವುದು. ಲೋಕದ ಒಟ್ಟು ಬಿರಡೆ ತೊಗಟೆಯಲ್ಲಿ ಸುಮಾರು ಅರ್ಧ ಪೋರ್ಚುಗಲ್ಲಿನದು. ಸಸಿ ನೆಟ್ಟು ಸುಮಾರು 25 ವರ್ಷವಾದ ಮೇಲೆ ಮೊದಲ ಸಲ ತೊಗಟೆ ಬಿಡಿಸುತ್ತಾರೆ. ಅನಂತರ ಒಂಬತ್ತು ವರ್ಷವಾಗುವವರೆಗೆ ಆ ಮರವನ್ನು ಮುಟ್ಟುವಂತಿಲ್ಲ, ಅದು ಕಾನೂನು. ಒಳ್ಳೆಯ ಬಿರಡೆ ದೊರೆಯುವುದು ಮೂರನೆಯ ಸಲ, ಅಂದರೆ ಮರಕ್ಕೆ 40 ವರ್ಷ ದಾಟಿದ ಮೇಲೆ. ಅನುಭವಿ ಕೆಲಸಗಾರರು ಕೊಡಲಿಯಿಂದ ಒಳಪೊರೆಗೆ ಗಾಯವಾಗದಂತೆ ತೊಗಟೆಯನ್ನು ಸುಲಿದು, ಬತ್ತಲಾದ ಕೆಂಪು ಕಾಂಡದ ಮೇಲೆ ಆ ವರ್ಷದ ಕೊನೆಯ ಅಂಕಿಯನ್ನು ಬಣ್ಣದಲ್ಲಿ ಬರೆಯುತ್ತಾರೆ. ಮುಂದಿನ ಸರದಿ ಯಾವಾಗ ಎಂದು ಮರವೇ ಹೇಳುತ್ತದೆ. ಹೀಗೆ ಅದು 200 ವರ್ಷದವರೆಗೂ ಬಾಳಬಲ್ಲದು. ನೆಟ್ಟವನಿಗೆ ದಕ್ಕುವುದು ಅತ್ಯಲ್ಪ. ಒಳ್ಳೆಯ ಫಲ ಮಕ್ಕಳಿಗೆ, ಮೊಮ್ಮಕ್ಕಳಿಗೆ. ಆದರೂ ನೆಡುತ್ತಾರೆ.

ಇದಕ್ಕೆ ವಿರುದ್ಧವಾದ ದೃಶ್ಯವೂ ಅದೇ ನಾಡಿನಲ್ಲಿದೆ. ವಿಲಾ ವಿಸೊಸಾ ಎಂಬ ಪಟ್ಟಣ ಅಮೃತಶಿಲೆಗೆ ಪ್ರಸಿದ್ಧ. ನಾಲ್ಕನೆಯ ಜೊವಾವೊ ದೊರೆಯು 1646ರಲ್ಲಿ ಅಮಲೋದ್ಭವ ಮಾತೆಯನ್ನು ರಾಜ್ಯದ ಪಾಲಕಿಯೆಂದು ಸಾರಿ ತನ್ನ ಕಿರೀಟವನ್ನು ಆಕೆಗೆ ಒಪ್ಪಿಸಿದ್ದು ಈ ಊರಿನ ಮಾತೆಗೇ. ಅಲ್ಲಿಂದ ಮುಂದೆ ಪೋರ್ಚುಗಲ್ಲಿನ ಯಾವ ಅರಸನೂ ತಲೆಯ ಮೇಲೆ ಕಿರೀಟ ಧರಿಸಲಿಲ್ಲ. ಅಷ್ಟು ವಿನಯ ತೋರಿದ ಪಟ್ಟಣದ ಸುತ್ತ ಈಗ ಪಾತಾಳದಂತಹ ಕಲ್ಲುಗಣಿಗಳು. 2018ರ ನವೆಂಬರ್ 19ರಂದು ಅಲ್ಲಿಂದ ಬೊರ್ಬಾ ಊರಿಗೆ ಹೋಗುವ ರಸ್ತೆಯ ಒಂದು ಭಾಗ ಪಕ್ಕದ ಗಣಿಯೊಳಗೆ ಕುಸಿದು ಐದು ಮಂದಿ ಪ್ರಾಣ ಕಳೆದುಕೊಂಡರು. ಭೂಮಿಯಿಂದ ಪಡೆಯುವುದರಲ್ಲಿ ಎರಡು ಬಗೆಯುಂಟು: ಒಂದು, ಒಂಬತ್ತು ವರ್ಷ ಕಾಯುವ ಬಗೆ; ಇನ್ನೊಂದು, ಕಾಲಕೆಳಗಿನ ನೆಲವನ್ನೇ ತೋಡುವ ಬಗೆ.

ಕಡೆಯದಾಗಿ ಲೂಜ಼್ ಎಂಬ ಹಳ್ಳಿಯ ಸಂಗತಿ. ಲೂಜ಼್ ಎಂದರೆ ಬೆಳಕು. ಗುವಾದಿಯಾನಾ ನದಿಗೆ ಅಲ್ಕೆವಾ ಎಂಬಲ್ಲಿ ಕಟ್ಟಿದ ಅಣೆಕಟ್ಟಿನ ಬಾಗಿಲುಗಳನ್ನು 2002ರ ಫೆಬ್ರವರಿಯಲ್ಲಿ ಮುಚ್ಚಿದರು. ತುಂಬಿದಾಗ 250 ಚದರ ಕಿಲೋಮೀಟರ್ ಹರಡುವ ಆ ನೀರು ಬಾಯಾರಿದ ಬಯಲಿಗೆ ವರದಾನವಾಯಿತು. ಆದರೆ ನಾನೂರಕ್ಕಿಂತ ಕಡಿಮೆ ಜನರಿದ್ದ ಲೂಜ಼್ ಅದರಲ್ಲಿ ಮುಳುಗಬೇಕಾಯಿತು. ಸ್ವಲ್ಪ ದೂರದಲ್ಲಿ ಹೊಸ ಊರನ್ನು ಕಟ್ಟಿದರು. ಹಳೆಯ ನೆರೆಹೊರೆಯವರು ಹೊಸ ಬೀದಿಯಲ್ಲೂ ನೆರೆಹೊರೆಯವರಾಗಿಯೇ ಇರುವಂತೆ ಮನೆಗಳನ್ನು ಹಂಚಿದರು. ಬೆಳಕಿನ ಮಾತೆಯ ಹಳೆಯ ದೇವಾಲಯದ ಪಡಿಯಚ್ಚಿನಂತೆ ಹೊಸ ದೇವಾಲಯವನ್ನು ಎಬ್ಬಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ತಮ್ಮ ಸತ್ತವರನ್ನು ನೀರಿನ ಕೆಳಗೆ ಬಿಟ್ಟು ಬರಲು ಅವರ ಮನಸ್ಸು ಒಪ್ಪಲಿಲ್ಲ. ಸಮಾಧಿಗಳನ್ನು ತೆರೆದು, ತಂದೆತಾಯಂದಿರ ಎಲುಬುಗಳನ್ನು ಗೌರವದಿಂದ ತಂದು, ಹೊಸ ದೇವಾಲಯದ ಬಳಿಯ ಸಮಾಧಿಭೂಮಿಯಲ್ಲಿ ಇರಿಸಿದರು. ಅನಂತರವೇ ಹಳೆಯ ಊರು ನೀರಿನ ಪಾಲಾಯಿತು.

ಹೊಸ ದೇವಾಲಯದ ಮುಂದೆ ನಾವು ಬಹಳ ಹೊತ್ತು ನಿಂತೆವು. ಗೋಡೆಗಳು ಹೊಸವು, ಹಳೆಯ ಗೋಡೆಯ ಸುಣ್ಣದ ಪದರಗಳಿಲ್ಲ, ಸವೆದ ಹೊಸ್ತಿಲಿಲ್ಲ. ಆ ನಷ್ಟ ಸಣ್ಣದಲ್ಲ. ಕಲ್ಲಿಗೆ ಕಲ್ಲು ಹೊಂದಿಸಿದರೂ ಕಳೆದುಹೋದ ಊರು ಮರಳದು. ಆದರೂ ಬಾಗಿಲ ಬಳಿ ಒಬ್ಬ ವೃದ್ಧೆ ಕೈಯಲ್ಲಿ ಪೊರಕೆ ಹಿಡಿದು ಮೆಟ್ಟಿಲು ಗುಡಿಸುತ್ತಿದ್ದರು. ನಮ್ಮ ನಿಲುವಂಗಿಯನ್ನು ಕಂಡು ಪೊರಕೆ ಕೆಳಗಿಟ್ಟು, ಕೈ ಒರೆಸಿಕೊಂಡು, ಆಶೀರ್ವಾದ ಬೇಡಿದರು. ಭಾಷೆ ತಿಳಿಯದಿದ್ದರೂ ಅವರಿಗೆ ನಾವು ಅಪರಿಚಿತರಾಗಲಿಲ್ಲ, ನಮಗೆ ಅವರು ಅಪರಿಚಿತರಾಗಲಿಲ್ಲ.

ನಮ್ಮ ಹಿರಿಯರ ಪ್ರಶ್ನೆಗೆ ಈಗ ಉತ್ತರ ಕೊಡಲು ಪ್ರಯತ್ನಿಸುತ್ತೇವೆ. ನಮ್ಮ ನಂತರ ನೋಡಿಕೊಳ್ಳುವವರು ಯಾರೆಂದು ಪಾವಿಯಾದ ಬಂಡೆಗಳನ್ನು ಎತ್ತಿದವರಿಗೂ ತಿಳಿದಿರಲಿಲ್ಲ, ಬಿರಡೆ ಮರ ನೆಟ್ಟ ಅಜ್ಜನಿಗೂ ತಿಳಿದಿರಲಿಲ್ಲ. ಅವರು ತಮ್ಮ ಪಾಲಿನ ಕೆಲಸವನ್ನು ಮಾಡಿ ಹೋದರು. ಬಾಗಿಲು ತೆರೆದಿಡುವುದು, ಮೆಟ್ಟಿಲು ಗುಡಿಸುವುದು, ಸುಣ್ಣ ಬಳಿಯುವುದು, ಸತ್ತವರ ಹೆಸರನ್ನು ಪೂಜೆಯಲ್ಲಿ ಹೇಳಿಸುವುದು, ಯಾರ ಎಲುಬಿಗೂ ಅವಮಾನ ಮಾಡದಿರುವುದು: ಇವು ನಮ್ಮ ಪಾಲು. ಮುಂದಿನ ಅಂಕಿಯನ್ನು ಬರೆಯುವ ಕೈ ಯಾವುದೆಂಬುದು ದೇವರಿಗೆ ಗೊತ್ತು.

ಪಟ್ಟಣದಿಂದ, ಪರದೇಶದಿಂದ ಈ ಹಬ್ಬಕ್ಕೆಂದು ಊರಿಗೆ ಬಂದಿರುವ ನಮ್ಮ ಯುವಕ ಯುವತಿಯರಲ್ಲಿ ಒಂದೇ ಕೋರಿಕೆ. ಹೊರಡುವ ಮೊದಲು ನಮ್ಮ ಸಮಾಧಿಭೂಮಿಗೆ ಒಮ್ಮೆ ಹೋಗಿ, ತಮ್ಮ ಅಜ್ಜ ಅಜ್ಜಿಯರ ಶಿಲುಬೆಯ ಬುಡದ ಹುಲ್ಲನ್ನು ತಮ್ಮ ಕೈಯಾರೆ ಕಿತ್ತು ಹೋಗಿರಿ. ತಮ್ಮ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ.

ಸರ್ವಶಕ್ತ ದೇವರು ತಮ್ಮೆಲ್ಲರನ್ನೂ ಆಶೀರ್ವದಿಸಲಿ. ಬೆಳಕಿನ ಮಾತೆಯಾದ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ.