ದಾನಪತ್ರದಲ್ಲಿ ಬಿಟ್ಟುಹೋದ ಸಾಲು

ಬೆಂಗಳೂರಿನ ವಿಜಯನಗರದ ಯಾವುದೋ ಅಡ್ಡರಸ್ತೆಯಲ್ಲೋ ವೆಸ್ಟ್ ಆಫ್ ಕಾರ್ಡ್ ರೋಡಿನಲ್ಲೋ, ಥರ್ಟಿ-ಫಾರ್ಟಿ ಸೈಟಿನಲ್ಲಿ ಒಂದು ಹಳೆಯ ಮನೆ ಇದೆ ಎಂದುಕೊಳ್ಳಿ. ಕಾರ್ಖಾನೆಯಲ್ಲಿ ಶಿಫ್ಟು ದುಡಿದು, ಸೊಸೈಟಿ ಸಾಲ ತೀರಿಸಿ ಕಟ್ಟಿದ ಮನೆ. ಕಟ್ಟಿಸಿದವರು ಈಗಿಲ್ಲ. ಎಪ್ಪತ್ತೈದು ದಾಟಿದ ಅವರ ಹೆಂಡತಿಯ ಹೆಸರಿನಲ್ಲಿ ಖಾತೆ ಇದೆ. ಕೈಗೆ ಬರುವುದು ಸಣ್ಣ ಪಿಂಚಣಿ, ಕಾಲಡಿಯ ನೆಲಕ್ಕೆ ಮಾತ್ರ ಕೋಟಿಗಳ ಲೆಕ್ಕ.

ವೃದ್ಧರಿಗೆ ಆಗುವ ಹಣದ ಮೋಸ ಎಂದರೆ ನಮಗೆ ತಕ್ಷಣ ನೆನಪಾಗುವುದು ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡುವ ‘ಡಿಜಿಟಲ್ ಅರೆಸ್ಟ್’ ಕಳ್ಳರು. ಅಂಥದ್ದಾದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಆದರೆ ನಾನು ಇವತ್ತು ಹೇಳಹೊರಟಿರುವವರು ಫೋನಿನಲ್ಲಿ ಬರುವವರಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾತಾಡುವವರು. “ಅಮ್ಮಾ, ಹೇಗಿದ್ರೂ ನಂಗೇ ತಾನೇ ಬರೋದು? ಈಗ್ಲೇ ಬರೆದುಕೊಟ್ಬಿಟ್ರೆ ಮುಂದೆ ಓಡಾಟ ಇರಲ್ಲ.” ಇದು ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. ಹೇಳುವ ಮಗನಿಗೂ ಆ ಹೊತ್ತಿನಲ್ಲಿ ಮೋಸದ ಯೋಚನೆ ಇಲ್ಲದಿರಬಹುದು.

ಆಮೇಲೆ ಒಂದು ದಿನ ಆಟೋ ಬರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ ತೆಗೆದು, ಹೆಬ್ಬೆರಳು ಒತ್ತಿಸಿಕೊಂಡು, ಒಪ್ಪಿಗೆಯಿಂದ ಬರೆದುಕೊಟ್ಟಿದ್ದೀರಾ ಎಂದು ಕೇಳುತ್ತಾರೆ. ಅಮ್ಮ ಹೂಂ ಅನ್ನುತ್ತಾರೆ. ಮನೆ ಅಲ್ಲಿಗೆ ಅವರದಲ್ಲ.

ಎಷ್ಟೋ ಜನ ದಾನಪತ್ರವನ್ನೂ ಉಯಿಲನ್ನೂ ಒಂದೇ ಅಂದುಕೊಂಡಿರುತ್ತಾರೆ. ಉಯಿಲು ಬರೆದವರು ಬದುಕಿರುವ ತನಕ ಅದು ಬರೀ ಕಾಗದ. ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ನಿಲ್ಲುತ್ತದೆ. ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವೂ ಅಲ್ಲ. ದಾನಪತ್ರ ಹಾಗಲ್ಲ, ನೋಂದಣಿಯಾದರೆ ಕೊಟ್ಟಂತೆಯೇ. ಮನಸ್ಸು ಬದಲಾಯಿತು ಎಂದು ವಾಪಸ್ ಕೇಳಲು ಬರುವುದಿಲ್ಲ.

ಇದಕ್ಕೊಂದು ಕಿಂಡಿಯನ್ನು ತೆರೆದದ್ದು ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು ಸಂಸತ್ತು 2007ರಲ್ಲಿ ಮಾಡಿದ ಕಾನೂನು. ಅದರ 23ನೇ ಸೆಕ್ಷನ್ ಹೇಳುವುದಿಷ್ಟು: ಅರವತ್ತು ದಾಟಿದವರು ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದೆ ಹೋದರೆ, ಅದನ್ನು ವಂಚನೆಯಿಂದಲೋ ಒತ್ತಾಯದಿಂದಲೋ ಪಡೆದದ್ದೆಂದು ಭಾವಿಸಿ ರದ್ದು ಮಾಡಬಹುದು.

ಆದರೆ ಆ ಷರತ್ತು ಇತ್ತು ಎಂದು ತೋರಿಸುವುದು ಹೇಗೆ? ಅಮ್ಮ ಮಗನ ಮುಂದೆ ಷರತ್ತು ಹಾಕುತ್ತಾಳೆಯೇ? ‘ಪ್ರೀತಿ ವಿಶ್ವಾಸಗಳಿಂದ’ ಎಂದು ಬರೆಸುತ್ತಾಳೆ. ಹರಿಯಾಣದ ಒಬ್ಬ ತಾಯಿ ತನ್ನ ಹೆಣ್ಣುಮಕ್ಕಳಿಗೆ ಬಿಟ್ಟುಕೊಟ್ಟ ಜಮೀನಿನ ವಿಷಯದಲ್ಲಿ 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಷರತ್ತು ಇದ್ದದ್ದು ಸಾಬೀತಾಗದೆ 23ನೇ ಸೆಕ್ಷನ್ ನೆರವಿಗೆ ಬರದು ಎಂದಿತು. 2025ರ ಜನವರಿ 2ರಂದು ಅದೇ ಕೋರ್ಟು ಮಧ್ಯಪ್ರದೇಶದ ಇನ್ನೊಬ್ಬ ತಾಯಿಗೆ ಮಗನಿಂದ ಮನೆ ವಾಪಸ್ ಕೊಡಿಸಿತು. ಹಿರಿಯರಿಗಾಗಿ ಮಾಡಿದ ಕಾನೂನನ್ನು ಉದಾರವಾಗಿ ಓದಬೇಕು ಎಂದಿತು, ನಿಜ. ಆದರೆ ಅಲ್ಲಿನ ದಾನಪತ್ರದಲ್ಲಿ ಮಗ ತಾಯಿಯನ್ನು ನೋಡಿಕೊಳ್ಳುವ ಮಾತು ಇತ್ತು, ಜೊತೆಗೊಂದು ವಚನಪತ್ರವೂ ಇತ್ತು. ಬರಹದಲ್ಲಿದ್ದ ಆ ಒಂದೆರಡು ಸಾಲುಗಳೇ ಆಧಾರವಾದವು.

ಆದ್ದರಿಂದ ಕೊಡಲೇಬೇಕೆಂದಿದ್ದರೆ ಪತ್ರದೊಳಗೇ ಬರೆಸಿ: ಊಟ, ಔಷಧಿ, ಆರೈಕೆ ಯಾರ ಹೊಣೆ, ಬದುಕಿರುವ ತನಕ ಕೆಳಗಿನ ಮನೆಯಲ್ಲಿ ವಾಸದ ಹಕ್ಕು ನನ್ನದು, ಮೇಲಿನ ಮನೆಯ ಬಾಡಿಗೆ ನನಗೆ. ಸಂಕೋಚವಾಗುತ್ತದೆ, ಬಲ್ಲೆ. ನನಗಂತೂ ಉಯಿಲೇ ವಾಸಿ ಅನಿಸುತ್ತದೆ.

ಕೊಟ್ಟು ಕೆಟ್ಟವರು ಸಿವಿಲ್ ಕೋರ್ಟಿಗೇ ಅಲೆಯಬೇಕಿಲ್ಲ. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿ, ಅಂದರೆ ಎ.ಸಿ., ಈ ಕಾನೂನಿನಡಿಯ ನ್ಯಾಯಮಂಡಳಿಯ ಅಧ್ಯಕ್ಷರು. ಅರ್ಜಿ ಅಲ್ಲಿಗೆ. ಮಕ್ಕಳಿಂದ ಜೀವನಾಂಶವನ್ನೂ ಅಲ್ಲೇ ಕೇಳಬಹುದು. ಆದರೆ 2007ರ ಕಾನೂನು ಅದಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ ಹಾಕಿತ್ತು. ಒಬ್ಬ ಹೋಂ ನರ್ಸ್‌ನ ಸಂಬಳ ಕೇಳಿ ನೋಡಿ! ಎಲ್ಲಿಂದ ಶುರುಮಾಡುವುದೆಂದು ತೋಚದಿದ್ದರೆ 1090. ನಗರ ಪೊಲೀಸರು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜೊತೆಗೂಡಿ 2002ರಲ್ಲಿ ಶುರುಮಾಡಿದ ಹಿರಿಯರ ಸಹಾಯವಾಣಿ ಅದು. ದೇಶಕ್ಕೆಲ್ಲ ಇರುವುದು 14567.

ಬ್ಯಾಂಕಿನ ಮಾತೂ ಒಂದಿಷ್ಟು. ಕೈ ನಡುಗುತ್ತದೆ, ಸಹಿ ಹೊಂದುವುದಿಲ್ಲ ಎಂಬ ಕಾರಣಕ್ಕೆ ಎ.ಟಿ.ಎಂ. ಕಾರ್ಡನ್ನೋ ಖಾಲಿ ಚೆಕ್ಕನ್ನೋ ಇನ್ನೊಬ್ಬರ ಕೈಗೆ ಕೊಡುವವರಿದ್ದಾರೆ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಇದಕ್ಕೆ ದಾರಿಯಿದೆ. ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿದರಾಯಿತು, ಅವರಲ್ಲೊಬ್ಬರು ಬ್ಯಾಂಕಿನವರೇ ಆಗಿರಬೇಕು. ಕೈ ಬೆರಳು ಸಾಧ್ಯವಾಗದಿದ್ದರೆ ಕಾಲ್ಬೆರಳೂ ನಡೆಯುತ್ತದೆ. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಲ್ಲೇ ಸೇವೆ ಕೊಡಿ ಎಂದು 2017ರಲ್ಲೇ ಬ್ಯಾಂಕುಗಳಿಗೆ ಹೇಳಿದ್ದಾಗಿದೆ. ಕೇಳಿ ಪಡೆಯಬೇಕು ಅಷ್ಟೆ.

ಇನ್ನೊಂದು ಮಾತು ಉಳಿದಿದೆ. ಬೆಂಗಳೂರಿನ ಎಷ್ಟೋ ದಾನಪತ್ರಗಳು ಸಿದ್ಧವಾಗುವುದು ಇಂಗ್ಲಿಷಿನಲ್ಲಿ. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ತನಕ ಓದುವ ಅಮ್ಮಂದಿರೂ ಆ ಹಾಳೆಗಳ ಮೇಲೆ ಕಣ್ಣಾಡಿಸದೆ ಹೆಬ್ಬೆರಳು ಒತ್ತಿ ಬರುತ್ತಾರೆ. ಪತ್ರ ಕನ್ನಡದಲ್ಲೂ ನೋಂದಣಿಯಾಗುತ್ತದೆ. ಆಟೋ ಬರುವ ಹಿಂದಿನ ದಿನವೇ ಕರಡನ್ನು ಕನ್ನಡದಲ್ಲಿ ತರಿಸಿಕೊಂಡು, ಕನ್ನಡಕ ಹಾಕಿಕೊಂಡು, ಒಬ್ಬರೇ ಕೂತು ಓದಿ.